ವಾಟ್ಸಾಪಿನಲ್ಲಿ ಬಂದ ಕೈ

ಆಟೋದಿಂದ ಕೊಬ್ಬರಿ ಚೀಲ ಇಳಿಸಿಕೊಂಡವಳು ಪ್ರಣೀತಾ ಎಂದು ಗೊತ್ತಾದದ್ದೇ ತಡ, ಎಣ್ಣೆ ಮಿಲ್ಲಿನ ಪ್ರಖ್ಯಾತನ ಮುಖ ಹುಳಿ ಮಜ್ಜಿಗೆ ಕುಡಿದಂತಾಯಿತು.

"ತಲ್ಲೂರಂಗೆ ಬೇರೆ ಮಿಲ್ ಇಲ್ಯಾ?"

"ಇತ್ತ್. ಅಲ್ಲಿ ಮೋಟರ್ ಸುಟ್ ಹೋಯ್ತ್ ಅಂಬ್ರ್. ಇಲ್ದಿರೆ ಇಲ್ಲಿಗೆ ಕಾಲ್ ಹಾಕ್ತಿದ್ನಾ?"

"ಕೈ ಕಾಣ್ದೆ ಕೊಬ್ರಿ ಕೊಡ್ತ್ರಿಯಾ? ಮಿಲ್ಲಿನವ ನಡೂಕೆ ಸತ್ ಹೋರೆ ಎಣ್ಣಿ ಸಿಕ್ಕುದಿಲ್ಲ, ಕಾಣಿ!"

ಮಾತು ನೆಟ್ಟಗೆ ಹೋಗಿ ನಾಟಿತು. ನಾಟಲೆಂದೇ ಆಡಿದ್ದ.

ಹೋದ ವರ್ಷ ಇವರಿಬ್ಬರ ಮದುವೆ ಮಾತು ಅರ್ಧಕ್ಕೆ ನಿಂತಿತ್ತು. ಹೆಣ್ಣು ನೋಡಿ ಹೋಗಿ, ಫೋನಿನಲ್ಲಿ ಹದಿನೈದು ದಿನ ಮಾತಾಡಿ, ಅವಳು ಅವನ ನಗೆಗೆ ಸೋತೂ ಆಗಿತ್ತು. ಆಗ ಅವಳ ಸೋದರಮಾವ ಪ್ರೇಮಾನಂದರು ಹುಡುಗನ ಕೈಯ ಫೋಟೋ ಕೇಳಿದರು. ಅಮಾಸೆಬೈಲಿನಲ್ಲಿ ಹಸ್ತರೇಖೆಯ ವಿಷಯಕ್ಕೆ ಅವರ ಮಾತೇ ಬ್ರಹ್ಮಲಿಖಿತ. ವಾಟ್ಸಾಪಿನಲ್ಲಿ ಬಂದ ಕೈಯನ್ನು ದೊಡ್ಡದು ಮಾಡಿ ನೋಡಿ, ಕನ್ನಡಕ ತೆಗೆದು, "ಆಯುಷ್ಯ ರೇಖೆ ನಡೂಕೆ ಕಡ್ದಿತ್. ನಲ್ವತ್ತ್ ದಾಟುದಿಲ್ಲ" ಎಂದರು. ಅವಳ ಅಪ್ಪ ಅಂದೇ ಹುಡುಗನ ಮನೆಗೆ ಕಾರಣ ಸಮೇತ ಬೇಡವೆಂದು ಹೇಳಿಬಿಟ್ಟರು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಪ್ರಣೀತಾ ತುಟಿ ಪಿಟಕ್ ಅನ್ನಲಿಲ್ಲ.

ಅಂದು ಆಡದ ಮಾತು ವರ್ಷವಿಡೀ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತ್ತು. ಮಾವನ ಬೆನ್ನು ಬಿದ್ದು ಹಸ್ತರೇಖೆ ಕಲಿತದ್ದೂ ಅದಕ್ಕೇ. ಕಡಿದ ರೇಖೆಯ ಪಕ್ಕದಲ್ಲೊಂದು ಸಣ್ಣ ಜೊತೆರೇಖೆ ಇದ್ದರೆ ಗಂಡಾಂತರ ಕಳೆಯುತ್ತದೆ ಎಂದು ಮಾವನೇ ಕಲಿಸಿದ್ದರು. ಅದನ್ನು ಹುಡುಕಿ ಹುಡುಕಿ ಅವಳಿಗೆ ಫೋನಿನೊಳಗಿನ ಆ ಕೈ ಬಾಯಿಪಾಠವಾಗಿತ್ತು: ಹೆಬ್ಬೆರಳ ಬುಡದ ಗಾಯದ ಕಲೆ, ಒಳಕ್ಕೆ ಬಾಗಿದ ಕಿರುಬೆರಳು. ಜೊತೆರೇಖೆ ಮಾತ್ರ ಸಿಗಲಿಲ್ಲ. ಬರುವ ಭಾನುವಾರ ಬ್ರಹ್ಮಾವರದಿಂದ ಬೇರೆ ಗಂಡು ಬರುವವನಿದ್ದ. ಅಷ್ಟರೊಳಗೆ ಆ ಕೈಯನ್ನು ಒಮ್ಮೆ ಕಣ್ಣಾರೆ ನೋಡಬೇಕಿತ್ತು ಅವಳಿಗೆ.

"ಒಂದ್ಸಲ ಕೈ ತೋರ್ಸಿ" ಎಂದಳು.

"ಎಂತಕೆ? ಇನ್ನೊಂದ್ ಸಲ ಕೊಲ್ಲುಕಾ?"

ಅಷ್ಟರಲ್ಲಿ, ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದ ಮುದುಕ ಚೆನ್ನಯ್ಯ ಎದ್ದು ಬಂದ. "ಹ್ವಾಯ್, ಚೀಲ ಬಿಡಿ, ನಾ ಎತ್ತತೆ" ಎಂದು ಕೈ ಚಾಚಿದ. ಪ್ರಣೀತಾ ಚೀಲ ಬಿಡಲಿಲ್ಲ. ಚಾಚಿದ ಆ ಕೈಯ ಹೆಬ್ಬೆರಳ ಬುಡದಲ್ಲಿ ಕಲೆ. ಬಾಗಿದ ಕಿರುಬೆರಳು. ನಡುವೆ ಕಡಿದ ರೇಖೆ.

"ಅಜ್ಜಯ್ಯ, ನಿಮ್ಗೆ ಎಷ್ಟ್ ವರ್ಷ?"

"ಬಪ್ಪ ಸೋಣೆ ತಿಂಗ್ಳಿಗೆ ಎಂಬತ್ತೊಂದ್. ಎಂತಕೆ, ಹೆಣ್ಣ್ ಇತ್ತಾ?" ಎಂದು ಬೊಚ್ಚುಬಾಯಿ ಬಿಟ್ಟು ನಕ್ಕ ಚೆನ್ನಯ್ಯ, ಚೀಲವನ್ನು ಹೆಗಲಿಗೇರಿಸಿ ಒಳಗೆ ನಡೆದ.

ಅವಳು ಫೋನನ್ನು ಪ್ರಖ್ಯಾತನ ಮೂಗಿನ ಹತ್ತಿರ ಹಿಡಿದಳು. "ಒಂದ್ ವರ್ಷ ಇವ್ರ್ ಕೈ ಕಂಡ್ಕಂಡ್ ಮರ್ಕಿದೆ ನಾನ್! ನಮ್ನ ತಮಾಷಿ ಮಾಡುಕೆ ಕಳ್ಸಿದ್ರಿಯಾ?" ಈಗಲೂ ಕಣ್ಣು ತುಂಬಿತ್ತು, ಅದಕ್ಕೂ ಅವನ ಮೇಲೆಯೇ ಸಿಟ್ಟು ಬಂತು.

ಅವನು ನೆಲ ನೋಡಿದ. "ತಮಾಷಿ ಅಲ್ಲ. ಅಪ್ಪಯ್ಯ ನಲ್ವತ್ತೆರಡಕ್ಕೆ ಹೋದ್ರ್. ನನ್ ಕೈ ಅವ್ರ್ ಕೈ ಹಾಂಗೇ ಇತ್ತ್ ಅಂದ್ ಎಲ್ರೂ ಹೇಳ್ತ್ರ್. ಹೆದ್ರಿಕಿ ಆಯ್ತ್. ನಂಗೆ ಗೊತ್ತಿಪ್ಪರಂಗೆ ಗಟ್ಟಿ ಆಯುಷ್ಯ ಚೆನ್ನಯ್ಯಂದ್. ಆ ಕೈ ಕಳ್ಸಿರೆ ಯಾರೂ ಬ್ಯಾಡ ಅನ್ನುದಿಲ್ಲ ಅಂದ್ಕಂಡೆ."

"ಸುಳ್ಳ್ ಹೇಳಿ ಮದಿ ಆಪುಕೆ?"

"ನಿಮ್ಮನ್ನ ಕಳ್ಕಂಬುಕೆ ಮನ್ಸಿರ್ಲಿಲ್ಲ." ಈಗ ತಲೆ ಎತ್ತಿದ. "ಕೈ ನಂದಲ್ಲ, ಸೈ. ಬಿಟ್ಟದ್ ನನ್ನನ್ನೇ ಅಲ್ದಾ? ಒಂದ್ ಫೋನ್ ಮಾಡಿದ್ರಿಯಾ?"

"ಇಲ್ಲ" ಎಂದಳು, ಜಗಳದ ದನಿಯಲ್ಲೇ. "ತಪ್ಪ್ ನಂದೇ. ಈಗ ಕೈ ತೋರ್ಸಿ."

ಮುಷ್ಟಿ ಕಟ್ಟಿದ ಕೈ ಬೇಕೋ ಬೇಡವೋ ಎಂಬಂತೆ ಬಿಚ್ಚಿಕೊಂಡಿತು. ಎಣ್ಣೆಯ ಜಿಡ್ಡಿನಡಿ ರೇಖೆಗಳೆಲ್ಲ ಸ್ಪಷ್ಟವಾಗಿದ್ದವು. ಆಯುಷ್ಯ ರೇಖೆ ಚೆನ್ನಯ್ಯನದಕ್ಕಿಂತಲೂ ಗಿಡ್ಡ. ಕಲಿತ ಬುದ್ಧಿ ಒಂದು ಲೆಕ್ಕ ಹೇಳಿಯೂ ಬಿಟ್ಟಿತು. ಚೀಲ ಇಳಿಸಿ ಅಂಗಳಕ್ಕೆ ಮರಳಿದ ಚೆನ್ನಯ್ಯ ಮತ್ತೊಂದು ಕಾಯಿಯನ್ನು ಕಬ್ಬಿಣದ ಮೊನೆಗೆ ಕುತ್ತಿದ ಸದ್ದು ಕೇಳಿತು.

ಪ್ರಣೀತಾ ಅವನ ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಷ್ಟಿ ಮುಚ್ಚಿದಳು. ಮುಚ್ಚಿದ ಮೇಲೂ ಬಿಡಲಿಲ್ಲ.

"ಎಂತ ಇತ್ತ್?" ಎಂದ.

"ಹೇಳುದಿಲ್ಲ. ಎಷ್ಟ್ ವರ್ಷ ಇದ್ರೂ ಅಷ್ಟೂ ವರ್ಷ ನಿಮ್ಮತ್ರ ಜಗ್ಳ ಆಡುಕಿತ್ತ್ ನಂಗೆ. ಭಾನುವಾರದೊಳ್ಗೆ ಮನಿಗೆ ಬನ್ನಿ. ಈ ಸಲ ಅಪ್ಪಯ್ಯನ್ ಹತ್ರ ನಾನೇ ಮಾತಾಡ್ತೆ."

ವರ್ಷದ ಹಿಂದಿನ ಆ ನಗೆ ಅವನ ತುಟಿಯ ಒಂದು ಮೂಲೆಗೆ ಬಂತು. "ತಲ್ಲೂರ್ ಮಿಲ್ಲಿನ ಮೋಟರ್ ಸುಟ್ಟಿಲ್ಲ. ಬೆಳಿಗ್ಗೆ ಅಲ್ಲಿಂದ್ಲೇ ಬೆಲ್ಟ್ ತಂದೆ."

"ಗೊತ್ತಿತ್ತ್. ಎಣ್ಣಿ ಎಷ್ಟೊತ್ತಿಗೆ ಆತ್ತ್?"

"ತುಂಬಾ ತಡ ಆತ್ತ್" ಎಂದ ಪ್ರಖ್ಯಾತ್. ಸ್ವಿಚ್ಚಿನ ಕಡೆಗೆ ಹೋಗಲೇ ಇಲ್ಲ.