ಖಾಲಿ ಕೋಣೆಯ ಮೂವತ್ತು ಸೆಕೆಂಡು

"ಉಸಿರು ಹಿಡಿ ಮಾರಾಯ್ತಿ! ಮೂವತ್ತೇ ಸೆಕೆಂಡು!"

ಪರದೇಶದ ಫೆಲ್ಥಮ್ ಊರಿನ ತನ್ನದೇ ಫ್ಲ್ಯಾಟಿನಲ್ಲಿ, ತನ್ನದೇ ಸಿನಿಮಾದ ಶೂಟಿಂಗಿನಲ್ಲಿ, ಮೊದಲ ಭೇಟಿಯಲ್ಲೇ ಹುಡುಗನೊಬ್ಬ ಹೀಗೆ ಗದರಿದರೆ ಯಾರಿಗೆ ತಾನೇ ಸಿಟ್ಟು ಬಾರದು? ಅನ್ವಿತಾ ಹಲ್ಲು ಕಚ್ಚಿ ನಿಂತಳು. ಕಾಲೇಜಿನ ಸೌಂಡ್ ವಿಭಾಗದ ಸಂಪತ್, ಉಡುಪಿ ಕಡೆಯವನು, ಮೈಕ್ ಹಿಡಿದು ಖಾಲಿ ಕೋಣೆಯ ಮೌನವನ್ನು ರೆಕಾರ್ಡ್ ಮಾಡುತ್ತಿದ್ದ.

ಒಳಗಿನ ಮಂಚದಿಂದ, ಹಾಸಿಗೆ ಹಿಡಿದಿದ್ದ ಅವಳ ಅವ್ವ ಬಸಲಿಂಗವ್ವನ ಕ್ಷೀಣ ದನಿ ಬಂತು. "ಯಾರೂ ಮಾತಾಡವಲ್ರು... ಏನ್ ರೆಕಾರ್ಡ್ ಮಾಡಾಕತ್ತಿಯೋ ತಮ್ಮಾ?"

ಸಂಪತ್ ನಕ್ಕುಬಿಟ್ಟ. ಅನ್ವಿತಾಳ ಸಿಟ್ಟೂ ನೀರಾಯಿತು. ಎರಡನೇ ಸಲ ರೆಕಾರ್ಡ್ ಮಾಡುವಷ್ಟರಲ್ಲಿ ಅವ್ವ ನಿದ್ದೆಹೋಗಿದ್ದಳು.

ಮೌನ ಬೇಕೆಂದವಳು ಅನ್ವಿತಾಳೇ. ಅವಳು ಆರಾಧಿಸುವ ಮುದಿ ಹಾರರ್ ನಿರ್ದೇಶಕನೊಬ್ಬನಿದ್ದ. ಅವನ ಸಿನಿಮಾದಲ್ಲಿ ದೆವ್ವವೂ ಕಾಣದು, ಸಂಗೀತವೂ ಕೇಳದು. ಖಾಲಿ ಕುರ್ಚಿ, ಕೋಣೆಯ ಮೌನ, ಅಷ್ಟೇ... ಎದೆ ಝಲ್ಲೆನ್ನುತ್ತಿತ್ತು! ತನ್ನ ಕೊನೆಯ ವರ್ಷದ ಸಿನಿಮಾ ಹಾಗೇ ಇರಬೇಕೆಂಬುದು ಅವಳ ಹಟ.

ಮೂರೇ ವಾರಕ್ಕೆ ಬಸಲಿಂಗವ್ವ ತೀರಿಕೊಂಡಳು. ಅನ್ವಿತಾ ಅಳಲಿಲ್ಲ, ಎಡಿಟಿಂಗ್ ಕೋಣೆ ಸೇರಿಕೊಂಡಳು. ಸಂಪತ್ ದಿನವೂ ಡಬ್ಬಿಯಲ್ಲಿ ಗಂಜಿ ತಂದಿಟ್ಟು ಹೋಗುತ್ತಿದ್ದ. ಅವನ ಹೆಜ್ಜೆ ಸದ್ದಿಗೆ ಅವಳ ಮನಸ್ಸು ಕಾಯತೊಡಗಿತ್ತು.

ಆದರೆ ಒಂದು ಮಧ್ಯಾಹ್ನ, ಅವನು ಕಳಿಸಿದ್ದ ಫೈಲನ್ನು ಖಾಲಿ ಕುರ್ಚಿಯ ದೃಶ್ಯಕ್ಕೆ ಜೋಡಿಸಿ ಹೆಡ್‌ಫೋನ್ ಹಾಕಿಕೊಂಡರೆ... ಗೊರಗೊರ ಉಸಿರು. ಅವ್ವನ ಉಸಿರು! ಅಷ್ಟರಲ್ಲಿ ಬಾಗಿಲಿಗೆ ಬಂದ ಸಂಪತ್‌ನ ಮೇಲೆ ಅವಳು ಹರಿಹಾಯ್ದಳು.

"ಮಂದೀನ್ನ ಹೆದರಸಾಕ ನಮ್ಮವ್ವನ್ನ ದೆವ್ವಾ ಮಾಡಿದೆಲ್ಲೋ! ನನ್ನ ಕಣ್ಮುಂದ ಬರಬ್ಯಾಡ!"

ಸಂಪತ್ ಗಂಜಿಯ ಡಬ್ಬಿಯನ್ನು ಹೊಸ್ತಿಲಲ್ಲೇ ಇಟ್ಟು ಹೊರಟುಹೋದ.

ಆತುರಗಾರರಿಗೆ ಬುದ್ಧಿ ಮಟ್ಟ. ಅವ್ವನ ಹೆಸರಲ್ಲಿ ಬಾಡಿಗೆಗಿದ್ದ ಫ್ಲ್ಯಾಟನ್ನು ಊರಿನ ಕೌನ್ಸಿಲ್‌ಗೆ ಮರಳಿ ಒಪ್ಪಿಸುವ ದಿನ, ಬರಿದಾದ ಕೋಣೆಯಲ್ಲಿ ಕೂತಾಗಲಷ್ಟೇ ಅವಳು ಆ ಫೈಲಿನ ಜೊತೆ ಬಂದಿದ್ದ ಮೆಸೇಜ್ ಓದಿದಳು.

"ವಿಮಾನ, ಫ್ರಿಜ್ಜಿನ ಸದ್ದು ಎಲ್ಲ ತೆಗೆದೆ. ಅಮ್ಮನ ಉಸಿರು ಅಳಿಸ್ಲಿಕ್ಕೆ ಕೈ ಬರ್ಲಿಲ್ಲ. ಇದು ನಿಂಗೆ ಮಾತ್ರ, ಇಟ್ಕೋ. ಸಿನಿಮಾದ್ದು ಬೇರೆ ಕಳಿಸ್ತೇನೆ."

ಅಯ್ಯೋ... ಎಂಥ ಮಾತು ಆಡಿಬಿಟ್ಟೆ! ಅಂದು ಬಾರದ ಅಳು ಈಗ ಕಟ್ಟೆಯೊಡೆಯಿತು. ಸಂಪತ್‌ಗೆ ಫೋನ್ ಮಾಡಿದಳು.

"ನಂದ ತಪ್ಪು... ಮೈಕ್ ತಗೊಂಡು ಬರ್ತೀಯಾ?"

ಗಂಟೆಯೊಳಗೆ ಸಂಪತ್ ಬಂದ. ಮೈಕ್ ಎತ್ತಿ ಹಿಡಿದ. ಅವ್ವನಿಲ್ಲದ ಕೋಣೆಯ ಮೂವತ್ತು ಸೆಕೆಂಡು ಶುರುವಾಯಿತು. ಆ ಮುದಿ ನಿರ್ದೇಶಕ ಜನರನ್ನು ಹೆದರಿಸುತ್ತಿರಲಿಲ್ಲ, ಕಳೆದುಕೊಂಡವರನ್ನು ಹುಡುಕುತ್ತಿದ್ದ ಎಂದು ಅವಳಿಗೆ ಈಗ ಅನಿಸಿತು. ಪಕ್ಕದಲ್ಲಿ ಇವನಿಲ್ಲದಿದ್ದರೆ ಈ ಮೌನವನ್ನು ತಾನು ತಡೆಯಲಾರೆ ಎಂದೂ ಗೊತ್ತಾಯಿತು. ಅವಳು ಅವನ ಕೈ ಹಿಡಿದಳು.

"ನನ್ನ ಬಿಕ್ಕು ಬಿತ್ತೇನೋ ಅದರಾಗ?"

"ಬಿತ್ತು. ನನ್ನ ಉಸಿರೂ ಬಿದ್ದಿದೆ... ಅಳಿಸ್ಲಾ?"

"ಬ್ಯಾಡ ಸಂಪತ್. ಎರಡೂ ಇರ್ಲಿ."