ಎರಡನೇ ಕತ್ತರಿ ಗುರುತು

"ಕೈ ತೆಗೀರಿ! ಅದನ್ನ ಮೊದಲು ನೋಡಿದ್ದು ನಾನು!"

ಹಳೇ ಸಾಮಾನಿನ ಬೀದಿಯ ಒಂದು ತುಕ್ಕು ಹಿಡಿದ ಬಿಸ್ಕತ್ ಡಬ್ಬಿಯೊಳಗೆ ಎರಡು ಕೈಗಳು ಒಂದೇ ಗೋಲಿಯ ಮೇಲೆ ಬಿದ್ದಿದ್ದವು. ಒಂದು ಅವಳದು. ಇನ್ನೊಂದು ಉದ್ದ ಬೆರಳುಗಳ, ಉಗುರು ಒಪ್ಪವಾಗಿ ಕತ್ತರಿಸಿದ, ಒಬ್ಬ ಅಪರಿಚಿತನದು.

"ನೋಡಿದ್ದು ನೀವಿರಬಹುದು. ಹಿಡಿದಿದ್ದು ನಾನು," ಅವನು ನಕ್ಕ.

ಅವಳಿಗೆ ಮೈ ಉರಿಯಿತು. ನಗು ಚೆನ್ನಾಗಿದೆ ಅನ್ನಿಸಿದ್ದಕ್ಕೆ ಇನ್ನೂ ಹೆಚ್ಚು ಉರಿಯಿತು!

"ಇದನ್ನಿಟ್ಟುಕೊಂಡು ಏನ್ ಮಾಡ್ತೀರಿ?"

"ಕೊಟ್ಟುಬಿಡ್ತೀನಿ. ನಾನು ಹಲ್ಲಿನ ಡಾಕ್ಟ್ರು. ಅಳದೆ ಹಲ್ಲು ಕೀಳಿಸಿಕೊಂಡ ಮಕ್ಕಳಿಗೆ ಒಂದೊಂದು ಗೋಲಿ, ಬಹುಮಾನ."

"ಅಯ್ಯೋ ರಾಮ! ಸಂಜೆಯೊಳಗೆ ಚರಂಡಿ ಪಾಲಾಗುತ್ತಲ್ರೀ!"

"ಗೋಲಿ ಇರೋದೇ ಆಡೋಕಲ್ವಾ?"

ಅವಳು ಕತ್ತಿನಲ್ಲಿ ನೇತಾಡುತ್ತಿದ್ದ ಪುಟ್ಟ ಭೂತಗನ್ನಡಿ ಬಿಚ್ಚಿದಳು. ಕನ್ನಡಕದ ಅಂಗಡಿಯಲ್ಲಿ ಮಸೂರ ತಿದ್ದುವವಳು ಅವಳು. ಅದು ಅವಳ ಮೂರನೇ ಕಣ್ಣು.

"ಬಣ್ಣ ನೋಡಿ ಮರುಳಾಗಬೇಡಿ. ಇಲ್ಲಿ, ಈ ಸಣ್ಣ ಮಡಿಕೆ ನೋಡಿ... ಕಾಣ್ತಾ?"

"ತಲೆದಿಂಬಿನ ಮೇಲೆ ಮಲಗೆದ್ದ ಕೆನ್ನೆ ಥರ ಇದೆ."

ಅವಳಿಗೆ ನಗು ಬಂತು, ನುಂಗಿಕೊಂಡಳು. "ಯಂತ್ರದಿಂದ ಕರಗಿದ ಗಾಜು ಜೇನಿನ ಹಾಗೆ ಇಳಿಯುತ್ತೆ. ಎರಡು ಮೂರು ಬಣ್ಣ ಒಟ್ಟಿಗೆ, ಸುತ್ತಿಕೊಂಡು. ಕತ್ತರಿ ಅದನ್ನ ಕಚಕ್ ಅಂತ ತುಂಡು ಮಾಡುತ್ತೆ. ಆಮೇಲೆ ಉರುಳಿ ಉರುಳಿ ದುಂಡಗಾಗುತ್ತೆ. ಕತ್ತರಿಸಿದ ಕಡೆ ಎರಡೂ ತುದಿಗೆ ಹೀಗೊಂದು ಗುರುತು. ಅದು ಗೋಲಿಯ ಜನ್ಮಪತ್ರ!"

ಅವನು ಗೋಲಿಯನ್ನು ನೋಡುತ್ತಿದ್ದನೋ, ಹೇಳುತ್ತಿದ್ದವಳನ್ನೋ... ಡಬ್ಬಿ ಮಾರುವ ಮುದುಕನಿಗೆ ಮಾತ್ರ ಗೊತ್ತಾಯಿತು. ಅವನು ಬೇಕೆಂದೇ ಆಕಾಶ ನೋಡಿದ.

"ನೀವೇ ಇಟ್ಕೊಳ್ಳಿ," ಎಂದ ಡಾಕ್ಟ್ರು. "ಆದರೆ ಮುಂದಿನ ಭಾನುವಾರ ಇನ್ನೊಂದು ಪಾಠ."

*

ಭಾನುವಾರಗಳು ಗೋಲಿಗಳ ಹಾಗೆ ಒಂದರ ಹಿಂದೊಂದು ಉರುಳಿದವು.

ಅವನು ಬೇಗ ಕಲಿತ. ಕೈಯಲ್ಲಿ ಮಾಡಿದ ಗೋಲಿಗೆ ಗಾಜಿನ ಕಡ್ಡಿಯಿಂದ ಮುರಿದು ತೆಗೆದ ಜಾಗದಲ್ಲಿ ಒರಟು ಹೊಕ್ಕುಳಿರುತ್ತದೆ. ಉಜ್ಜಿ ಹೊಳಪಿಸಿದ್ದಕ್ಕೆ ಮಡಿಕೆಯೇ ಮಾಯವಾಗಿರುತ್ತದೆ, ವಯಸ್ಸು ಮುಚ್ಚಿಡುವ ಹೆಂಗಸಿನ ಹಾಗೆ! ಇದನ್ನು ಹೇಳಿದ್ದು ಅವಳ ಅಜ್ಜಿ. ಹೇಳಿ, "ನಾನಂತೂ ಉಜ್ಜಿಸಿಕೊಂಡಿಲ್ಲಪ್ಪಾ, ಎಲ್ಲಾ ಅಸಲಿ ಮಡಿಕೆ" ಎಂದು ತಮ್ಮ ಕೆನ್ನೆ ಮುಟ್ಟಿಕೊಂಡರು.

ಹೌದು, ಆಗಲೇ ಅವನು ಮನೆಯವರೆಗೂ ಬಂದಿದ್ದ.

ಆ ದಿನ ಅವಳು ಒಂದು ಸಾಹಸ ಮಾಡಿದಳು. ಹತ್ತಿಯೊಳಗೆ ಮಲಗಿಸಿದ್ದ ತಿಳಿನೇರಳೆ ಗೋಲಿಯೊಂದನ್ನು ಅವನ ಅಂಗೈಗಿಟ್ಟಳು. ಒಳಗೆ ಬಿಳಿ ಸುರುಳಿ, ಕಾಫಿಗೆ ಹಾಲು ಬಿದ್ದ ಕ್ಷಣ ಹೆಪ್ಪುಗಟ್ಟಿದಂತೆ.

"ತಾತ ಅಜ್ಜಿಗೆ ಕೊಟ್ಟ ಒಂದೇ ಒಂದು ಉಡುಗೊರೆ. ಇದರಲ್ಲಿ ಒಂದೇ ಕತ್ತರಿ ಗುರುತು ಸಿಗ್ತಿದೆ. ಒಂದೇ ಇದ್ರೆ, ಯಾರೋ ಕೈಯಾರೆ ಗಾಜು ಎತ್ತಿ ಯಂತ್ರಕ್ಕೆ ಬಿಟ್ಟ ತುಂಬಾ ಹಳೇದು. ಎರಡಿದ್ರೆ ಪೂರ್ತಿ ಯಂತ್ರದ್ದು. ಎಷ್ಟು ಹುಡುಕಿದ್ರೂ ನನ್ನ ಕಣ್ಣಿಗೆ ಸೋಲು!"

"ನನ್ನ ಕ್ಲಿನಿಕ್‌ನಲ್ಲಿ ಇದಕ್ಕಿಂತ ದೊಡ್ಡ ಭೂತಗನ್ನಡಿ ಇದೆ. ಒಂದು ವಾರ ಕೊಡ್ತೀರಾ?"

ಇದುವರೆಗೆ ಯಾರ ಕೈಗೂ ಕೊಟ್ಟದ್ದಲ್ಲ... ಆದರೂ ಕೊಟ್ಟಳು. ಗೋಲಿಯ ಜೊತೆ ಇನ್ನೂ ಏನನ್ನೋ ಕೊಟ್ಟುಬಿಟ್ಟೆ ಅನ್ನಿಸಿತು.

*

ವಾರ ಮುಗಿಯುವ ಮೊದಲೇ, ಒಂದು ಸಂಜೆ, ಅವನು ಕನ್ನಡಕದ ಅಂಗಡಿಗೆ ಓಡಿಬಂದ. ಮುಖವೆಲ್ಲ ಬೆಳಕು.

"ಸಿಕ್ತು! ಎರಡನೇ ಗುರುತು ಸಿಕ್ತು! ಬಿಳಿ ಸುರುಳಿಯ ಬಾಲದ..."

ಅವಳಿಗೆ ಉಳಿದದ್ದು ಕೇಳಿಸಲಿಲ್ಲ. ಟ್ಯೂಬ್‌ಲೈಟಿನ ಕೆಳಗೆ, ಅವನ ಅಂಗೈಯಲ್ಲಿದ್ದ ಗೋಲಿ... ನೀಲಿ!

"ಇದು ನಮ್ಮದಲ್ಲ," ಎಂದಳು ಅವಳು.

"ಏನಂದ್ರಿ?"

"ನಮ್ಮದು ನೇರಳೆ. ಯಾವ ಮಗುವಿಗೆ ಕೊಟ್ರಿ ಅದನ್ನ? ಕೊಟ್ಟು, ಎಲ್ಲಿಂದಲೋ ಇಂಥದ್ದೇ ಒಂದು ಹುಡುಕಿ ತಂದಿದ್ದೀರಿ! ಗೋಲಿ ಇರೋದೇ ಆಡೋಕೆ ಅಲ್ವಾ ನಿಮಗೆ?"

ಅವನ ಮುಖದ ಬೆಳಕು ಆರಿತು.

"ಒಂದು ಸಲ ಭೂತಗನ್ನಡಿ ಇಟ್ಟು ನೋಡಿ..."

"ನೋಡೋದೇನಿದೆ? ಕಣ್ಣಿಗೇ ಕಾಣ್ತಿದೆಯಲ್ಲ!"

ಅವನು ಗೋಲಿಯನ್ನು ಮೇಜಿನ ಮೇಲಿಟ್ಟ, ಉರುಳಿ ಬೀಳದಂತೆ ಜೋಪಾನವಾಗಿ. ಹೊರಟುಹೋದ. ಬಾಗಿಲನ್ನು ಕೂಡ ಸದ್ದಾಗದಂತೆ ಮುಚ್ಚಿದ. ಅದೇ ಅವಳಿಗೆ ಹೆಚ್ಚು ಚುಚ್ಚಿತು.

ಮನೆಗೆ ಬಂದು ಅಜ್ಜಿಯ ಮುಂದೆ ಎಲ್ಲ ಕಕ್ಕಿದಳು. ಚೀಲದಿಂದ ಗೋಲಿ ತೆಗೆಯಲೂ ಮನಸ್ಸಾಗಲಿಲ್ಲ.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ," ಅಜ್ಜಿ ನಿಟ್ಟುಸಿರಿಟ್ಟರು. "ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುತ್ತೇನೇ, ತಾಯಿ?"

"ಗೋಲಿ ಹೋದದ್ದಕ್ಕೆ ನಿಮಗೆ ಬೇಜಾರಿಲ್ವಾ ಅಜ್ಜಿ?"

"ನಿಮ್ಮ ತಾತನೇ ಹೋದ್ರು. ಗೋಲಿಯೇನು ಮಹಾ! ಆ ಹುಡುಗ ಹೋದ್ನಲ್ಲ, ಅದಕ್ಕೆ ಬೇಜಾರು."

*

ಬೆಳಿಗ್ಗೆ ಕಿಟಕಿಯ ಬಳಿ ಚೀಲ ಕೊಡವಿದಾಗ ಗೋಲಿ ಉರುಳಿ ಬಿಸಿಲಿಗೆ ಬಿತ್ತು.

ನೇರಳೆ!

ಅವಳು ಗೋಲಿ ಹಿಡಿದುಕೊಂಡು ಅಂಗಡಿಗೆ ಓಡಿದಳು. ಟ್ಯೂಬ್‌ಲೈಟಿನ ಕೆಳಗೆ ಹಿಡಿದಳು, ನೀಲಿ. ಬಾಗಿಲಾಚೆ ಬಿಸಿಲಿಗೆ ಹಿಡಿದಳು, ನೇರಳೆ. ಒಳಗೆ, ಹೊರಗೆ. ಒಳಗೆ, ಹೊರಗೆ...

"ಏನಮ್ಮಾ, ಹೊಸ್ತಿಲು ಸವೆಸೋ ಹರಕೆ ಹೊತ್ತಿದ್ದೀಯಾ?" ಅಂಗಡಿ ಮಾಲೀಕರು ಕೇಳಿದರು.

ಕೆಲವು ಗಾಜು ಹೀಗೇ, ಬೆಳಕು ಬದಲಾದರೆ ಬಣ್ಣ ಬದಲಿಸುತ್ತದೆ. ಇಷ್ಟು ವರ್ಷ ಈ ಗೋಲಿಯನ್ನು ಮನೆಯ ಕಿಟಕಿಯಲ್ಲಿ, ಮನೆಯ ಹಳದಿ ಬಲ್ಬಿನಲ್ಲಿ ಮಾತ್ರ ನೋಡಿದ್ದಳು ಅವಳು. ದಿನವಿಡೀ ಗಾಜಿನ ಜೊತೆಗೇ ಇರುವವಳು!

ಭೂತಗನ್ನಡಿ ಹಿಡಿದಳು. ಬಿಳಿ ಸುರುಳಿಯ ಬಾಲದ ಕೆಳಗೆ, ಕೂದಲೆಳೆಯಷ್ಟೇ ಸಣ್ಣಗೆ... ಎರಡನೇ ಕತ್ತರಿ ಗುರುತು. ಅವನು ಓಡೋಡಿ ಬಂದು ಹೇಳಹೊರಟದ್ದು. ಅವಳು ಹೇಳಗೊಡದೇ ಇದ್ದದ್ದು.

'ಮೋಸ ಮಾಡಿದ ಅಂದುಬಿಟ್ಟೆನಲ್ಲ... ಇನ್ನು ಯಾವ ಮುಖ ಹೊತ್ತು ಹೋಗಲಿ?'

ಇದ್ದ ಮುಖವನ್ನೇ ಹೊತ್ತು ಹೋದಳು.

*

ಕ್ಲಿನಿಕ್ಕಿನ ಒರಗು ಕುರ್ಚಿಯಲ್ಲಿ ತಾನೇ ಹೋಗಿ ಮಲಗಿದಳು. ರೋಗಿಯನ್ನಾದರೆ ಹೊರಗೆ ಹಾಕುವಂತಿಲ್ಲವಲ್ಲ!

ಅವನು ಕೈಗವಸು ಹಾಕಿಕೊಳ್ಳುತ್ತಾ ಒಳಬಂದವನು ತಡೆದು ನಿಂತ. ಆಮೇಲೆ ತಣ್ಣಗೆ ಕೇಳಿದ, "ಎಲ್ಲಿ ನೋವು?"

"ನನಗಲ್ಲ. ನಿಮಗೆ. ನಾನು ಮಾಡಿದ್ದು."

ಅವನು ಎರಡನೇ ಕೈಗವಸನ್ನೂ ಹಾಕಿಕೊಂಡ. ಅವಳೇ ಹೇಳಿದಳು, ಬಿಸಿಲು, ಟ್ಯೂಬ್‌ಲೈಟು, ಹೊಸ್ತಿಲು, ಎಲ್ಲ. "ತಪ್ಪಾಯ್ತು. ನಿಮ್ಮ ಮಾತು ಕೇಳಬೇಕಿತ್ತು... ಕೇಳಲಿಲ್ಲ."

"ಗೋಲಿ ಬಿಸಿಲಲ್ಲೂ ನೀಲಿಯಾಗೇ ಇದ್ದಿದ್ರೆ?" ಅವನ ದನಿ ಮೆಲ್ಲಗಿತ್ತು. "ಇವತ್ತು ಬರ್ತಿದ್ರಾ?"

ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಯಲ್ಲೇ ಇತ್ತು.

"ಇಲ್ಲ," ಎಂದಳು, ಕಣ್ಣು ತುಂಬಿ. "ಬರ್ತಿರಲಿಲ್ಲ. ಜೀವಮಾನವೆಲ್ಲ ನಿಮ್ಮನ್ನ ಬೈಕೊಂಡು, ನಿಮ್ಮನ್ನೇ ನೆನೆಸ್ಕೊಂಡು ಇರ್ತಿದ್ದೆ. ಗೋಲಿ ಹೋದ್ರೆ ಇನ್ನೊಂದು ಹುಡುಕಬಲ್ಲೆ. ನಿಮ್ಮನ್ನ ಎಲ್ಲಿ ಹುಡುಕಲಿ? ನಿಮ್ಮ ಮೇಲೆ... ನನಗೆ ಪ್ರೀತಿ ಇದೆ. ಇನ್ನು ಮುಂದೆ ಮೊದಲು ನಿಮ್ಮನ್ನ ಕೇಳ್ತೀನಿ. ಆಮೇಲೆ ಕಣ್ಣನ್ನ ನಂಬ್ತೀನಿ."

ಗೋಡೆಯಾಚೆ ಕಾಯುತ್ತಿದ್ದ ಯಾರೋ ಕೆಮ್ಮಿದರು. ಅವನು ಒಂದೊಂದಾಗಿ ಕೈಗವಸು ಬಿಚ್ಚಿದ. ಪಕ್ಕದ ಸ್ಟೂಲೆಳೆದು ಕುಳಿತ.

"ಬರ್ತಿದ್ದೆ ಅಂತ ಸುಳ್ಳು ಹೇಳಿದ್ದಿದ್ರೆ ಕಳಿಸಿಬಿಡ್ತಿದ್ದೆ," ಎಂದ. "ನಿನ್ನೆಯಿಂದ ನಾನು ಊಟ ಬಿಟ್ಟಿದ್ದೀನಿ, ಗೊತ್ತಾ? ಹಲ್ಲು ಡಾಕ್ಟ್ರು ಅನ್ನ ಅಗಿಯೋಕಾಗದೆ ಕೂತಿದ್ದ."

ಅವಳು ಅಳುತ್ತಲೇ ಬಿಕ್ಕಿ ನಕ್ಕಳು.

"ಬಾಯಿ ಮುಚ್ಚಬೇಡಿ."

"ಹಲ್ಲು ನೋವಿಲ್ಲ ಅಂದೆನಲ್ಲ!"

"ಹಲ್ಲು ಯಾರು ನೋಡ್ತಾರೆ?" ಅವನು ಅವಳ ಕೆನ್ನೆಯ ಹನಿಯನ್ನು ಹೆಬ್ಬೆರಳಲ್ಲಿ ಒರೆಸಿದ. "ನಗ್ತಿದ್ದೀರಲ್ಲ... ಇನ್ನೊಂಚೂರು ಹೊತ್ತು ನೋಡ್ಕೋತೀನಿ."