ಸೀರಿಯಲ್‌ನಲ್ಲಿ ಯಾರೂ ರಾಗಿ ಬೀಸಲಿಲ್ಲ

ಹಿಟ್ಟಿನ ಡಬ್ಬ ಅಜ್ಜಿಯ ಮಂಚದ ಕೆಳಗೆ ಅರ್ಧ ಹೋಗಿ ಸಿಕ್ಕಿಕೊಂಡಿತು. ಮೇಘಶ್ರೀ ಎರಡೂ ಕೈ ಹಾಕಿ ನೂಕಿದಳು. ಅಲುಗಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕಾಲಿನಿಂದ ಒದ್ದಳು. ಮುಚ್ಚಳ ಪಟ್ಟನೆ ಹಾರಿ ರಾಗಿ ಹಿಟ್ಟು ಬುಸ್ಸೆಂದು ಎದ್ದಿತು. ಡಬ್ಬ ಒಳಗೆ ಹೋಯಿತು.

ಮುಚ್ಚಳ ಹಾಕಿ, ಕಂಬಳಿಯನ್ನು ನೆಲದವರೆಗೆ ಇಳಿಬಿಟ್ಟಳು. ಇನ್ನು ಯಾರಿಗೂ ಕಾಣುವುದಿಲ್ಲ.

“ಲೇ ಮೇಘಾ, ಇದೀಯೇನೇ?”

ಬಾಗಿಲಲ್ಲಿ ಬೃಂದಾ ನಿಂತಿದ್ದಳು. ಪಕ್ಕದ ಮನೆಯವಳು, ಸ್ಕೂಲಿನಲ್ಲಿ ಒಂದೇ ಬೆಂಚಿನವಳು. ಅವಳ ಕೈಯಲ್ಲಿ ಖಾಲಿ ಪಾತ್ರೆಯಿತ್ತು.

“ನಮ್ಮನೇಲಿ ಹಿಟ್ಟು ಖಾಲಿ ಆಗೈತೆ. ಮಧ್ಯಾಹ್ನಕ್ಕೆ ಆಗೋಷ್ಟು ಇಸ್ಕಂಬಾ ಅಂದ್ಲು ಅಜ್ಜಿ. ಮಿಲ್ ಶುರುವಾದ ಮೇಲೆ ಹಾಕಿಸ್ಕಂಡು ಕೊಡ್ತೀವಿ.”

ಬೇರೆ ದಿನವಾಗಿದ್ದರೆ ಮೇಘಶ್ರೀ ಎರಡು ಮಾತಾಡದೆ ಕೊಟ್ಟುಬಿಡುತ್ತಿದ್ದಳು. ಹಿಟ್ಟು, ಹೆಪ್ಪು, ಕಾಫಿಪುಡಿ ಎಲ್ಲ ಆ ಎರಡು ಮನೆಗಳ ನಡುವೆ ಹೋಗಿ ಬಂದು ಮಾಡುತ್ತಲೇ ಇದ್ದವು. ಯಾವ ಪಾತ್ರೆ ಯಾರದು ಎಂಬುದನ್ನೇ ಎರಡೂ ಮನೆಯವರು ಮರೆತಿದ್ದರು.

“ನಮ್ಮನೇಲೂ ಇಲ್ಲ. ಪೂರ್ತಿ ಖಾಲಿ” ಅಂದಳು ಮೇಘಶ್ರೀ.

ಬೃಂದಾ ಅವಳ ಮುಖವನ್ನೇ ಒಂದು ಗಳಿಗೆ ನೋಡಿದಳು. “ಹೌದಾ? ಸರಿ ಬಿಡು” ಎಂದು ಹೊರಟುಹೋದಳು.

ಮೇಘಶ್ರೀ ಸುಳ್ಳು ಹೇಳುವ ಹುಡುಗಿಯಲ್ಲ. ಹೋಮ್‌ವರ್ಕ್ ವಿಷಯ ಬಿಟ್ಟರೆ. ಇದಕ್ಕೆಲ್ಲ ಕಾರಣ ಒಂದು ಸೀರಿಯಲ್ಲು.

ಅದರ ಹೆಸರು ‘ಏಳನೇ ದಿನ’. ಯಾವುದೋ ದೇಶದ್ದು, ಕನ್ನಡಕ್ಕೆ ಡಬ್ ಆಗಿತ್ತು. ಕಾಯಿಲೆ ಬಂದು ಜನ ಜಾಂಬಿಗಳಾಗುತ್ತಾರೆ. ಬಾಯಿ ತುಂಬ ರಕ್ತ, ಮುಂದಕ್ಕೆ ಚಾಚಿದ ಕೈ, ಎಳೆದೆಳೆದು ಹಾಕುವ ಕಾಲು. ಮೇಘಶ್ರೀ ಜಾಂಬಿಗಳಿಗೆ ಹೆದರಿದ್ದು ಸ್ವಲ್ಪ, ಜಾಂಬಿಯಾಗದೆ ಉಳಿದ ಜನರಿಗೆ ಹೆದರಿದ್ದು ಬಹಳ. ಮೊದಲನೇ ದಿನ ಕರೆಂಟ್ ಹೋಗುತ್ತದೆ. ಎರಡನೇ ದಿನ ಫೋನುಗಳು ಸಾಯುತ್ತವೆ. ಮೂರನೇ ದಿನ ಜನ ಅಂಗಡಿ ಲೂಟಿ ಮಾಡುತ್ತಾರೆ. ನಾಲ್ಕನೇ ದಿನ ಪಕ್ಕದ ಮನೆಯವರು ಬಂದು ಬಾಗಿಲು ಬಡಿಯುತ್ತಾರೆ, ಒಳಗಿನವರು ಬಾಯಿ ಮುಚ್ಚಿಕೊಂಡು ಕೂರುತ್ತಾರೆ. ಏಳನೇ ದಿನಕ್ಕೆ ಯಾರಿಗೆ ಯಾರೂ ಇರುವುದಿಲ್ಲ ಎಂದು ಪ್ರೋಮೋದಲ್ಲೇ ತೋರಿಸಿದ್ದರು.

“ಸಖತ್ ರಿಯಲಿಸ್ಟಿಕ್ ಕಣೆ” ಎಂದಿದ್ದ ಅಣ್ಣ ಅಂಜನ್. ಅವನು ಚಿತ್ರದುರ್ಗದಲ್ಲಿ ಫಸ್ಟ್ ಪಿಯುಸಿ ಓದುತ್ತಿದ್ದ. ಸೈನ್ಸ್ ತೆಗೆದುಕೊಂಡ ಮೇಲೆ ಅವನಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. “ನಿಜವಾಗ್ಲೂ ಹಿಂಗೇ ಆಗೋದು. ಕರೆಂಟ್ ಹೋದ್ರೆ ಸಾಕು, ಸೊಸೈಟಿ ಕೊಲ್ಯಾಪ್ಸ್.”

ಅಜ್ಜಿ ಏಕನಾಥಮ್ಮನಿಗೆ ಮಾತ್ರ ಆ ಸೀರಿಯಲ್ ಹಿಡಿಸಿರಲಿಲ್ಲ. “ಆ ಊರಲ್ಲಿ ಬುದ್ಧಿ ಹೇಳೋ ಮುದುಕ್ರು ಯಾರೂ ಇಲ್ವೇನೋ?” ಎಂದು ಕೇಳಿ, ಗೋಡೆ ಕಡೆ ತಿರುಗಿ ಮಲಗಿದ್ದಳು.

ನಾಲ್ಕು ಎಪಿಸೋಡು ಮುಗಿದಿದ್ದವು. ಐದನೆಯದು ಶುರುವಾಗುವ ಮೊದಲೇ, ಮಂಗಳವಾರ ಸಂಜೆ, ಗಾಳಿ ಮಳೆ ಬಂದು ಊರಿನ ಟೀಸಿ ಢಬ್ಬೆಂದು ಸುಟ್ಟುಹೋಯಿತು. ಟೀಸಿ ಎಂದರೆ ಕಂಬದ ಮೇಲಿನ ದೊಡ್ಡ ಕರೆಂಟ್ ಡಬ್ಬ. ಹೊಸದು ದುರ್ಗದಿಂದ ಬರಬೇಕು. ಪಕ್ಕದ ಎರಡು ಊರಿಗೂ ಅದೇ ಲೈನು.

ಬುಧವಾರ ಕರೆಂಟ್ ಇರಲಿಲ್ಲ. ಗುರುವಾರ ಅಂಜನ್‌ನ ಫೋನ್ ಸತ್ತಿತು. ಇವತ್ತು ಶುಕ್ರವಾರ, ಮೂರನೇ ದಿನ. ಹಿಟ್ಟಿನ ಮಿಲ್ಲು ನಿಂತಿತ್ತು. ದಸರಾ ರಜೆ ಬೇರೆ. ಅಪ್ಪ ಅಮ್ಮ ಚಿಕ್ಕಮ್ಮನ ಮಗುವಿನ ನಾಮಕರಣಕ್ಕೆ ಶ್ರೀರಾಂಪುರಕ್ಕೆ ಹೋಗಿದ್ದರು. ಮನೆ ಕಾಯುವವರು ಯಾರು? ಅಜ್ಜಿಗೆ ಸೀರಿಯಲ್ ಮೇಲೆ ನಂಬಿಕೆಯಿಲ್ಲ. ಅಂಜನ್ ಎಲ್ಲವನ್ನೂ ತಿಳಿದವನಂತೆ ಮಾತಾಡಿ ಕ್ರಿಕೆಟ್ ಆಡಲು ಹೋಗುತ್ತಿದ್ದ. ಹಾಗಾಗಿ ಮೇಘಶ್ರೀಯೇ ಮನೆ ಕಾಯಲು ನಿಂತಳು.

ಆದರೂ ಅವಳು ಆಗಾಗ ಕಿಟಕಿಯಿಂದ ಪಕ್ಕದ ಮನೆ ಕಡೆ ನೋಡುತ್ತಿದ್ದಳು. ಬೃಂದಾಳ ಅಪ್ಪ ಅಮ್ಮ ಕುರಿ ಹೊಡೆದುಕೊಂಡು ದೂರದ ಹೊಲಗಳ ಕಡೆ ಹೋಗಿದ್ದರು. ಮನೆಯಲ್ಲಿ ಅಜ್ಜಿ ಮೊಮ್ಮಗಳು ಇಬ್ಬರೇ. ಬೃಂದಾಳ ಅಜ್ಜಿ ಜಯಕ್ಕನಿಗೆ ಶುಗರ್ ಇತ್ತು. ಅನ್ನ ಕಡಿಮೆ ಮಾಡಿ, ಮುದ್ದೆ ಉಣ್ಣಿ ಎಂದು ಡಾಕ್ಟರು ಹೇಳಿದ್ದು ಮೇಘಶ್ರೀಗೂ ಗೊತ್ತಿತ್ತು.

ಮಧ್ಯಾಹ್ನ ಬೀದಿಯಲ್ಲಿ ಗಲಾಟೆ ಕೇಳಿಸಿತು. ಮೇಘಶ್ರೀ ಮೂಲೆಯವರೆಗೆ ಹೋಗಿ ಇಣುಕಿದಳು.

ತಿಪ್ಪಯ್ಯನ ಅಂಗಡಿ ಮುಂದೆ ಜನವೋ ಜನ. ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಒಬ್ಬ ಹುಡುಗ ಒಂದು ಡಬ್ಬವನ್ನೇ ಎತ್ತಿಕೊಂಡು ಓಡಿದ. ಅವನ ಹಿಂದೆ ನಾಲ್ಕು ಮಂದಿ ಓಡಿದರು. ಅವರಲ್ಲಿ ಒಬ್ಬ ಅಂಜನ್.

‘ಮೂರನೇ ದಿನ. ಲೂಟಿ’ ಎಂದುಕೊಂಡಳು ಮೇಘಶ್ರೀ.

ಅಷ್ಟರಲ್ಲಿ ಗುಂಪಿನಿಂದ ಒಂದು ಆಕಾರ ಬಿಡಿಸಿಕೊಂಡು ಹೊರಗೆ ಬಂತು. ಬಾಯಿ ಸುತ್ತ ಕೆಂಪು. ಗಲ್ಲದಿಂದ ಕೆಂಪು ತೊಟ್ಟಿಕ್ಕುತ್ತಿತ್ತು. ಎರಡೂ ಕೈ ಮುಂದಕ್ಕೆ ಚಾಚಿ, ಒಂದು ಕಾಲನ್ನು ಎಳೆಯುತ್ತಾ ನೇರ ಅವಳ ಕಡೆಗೇ ಬಂತು.

ಮೇಘಶ್ರೀ ಕಿರುಚಿದ ಸದ್ದಿಗೆ ಬೇಲಿಯ ಮೇಲಿದ್ದ ಕೋಳಿ ಕೆಳಗೆ ಬಿತ್ತು. ಅವಳು ಓಡಿದಳು. ಮನೆಯೊಳಗೆ ನುಗ್ಗಿ, ಚಿಲಕ ಹಾಕಿ, ಬಾಗಿಲಿಗೆ ಒರಗಿ ನಿಂತಳು.

ಹೊರಗೆ ಹೆಜ್ಜೆ ಸಪ್ಪಳ. ಒಂದು ಕಾಲು ಠಪ್, ಇನ್ನೊಂದು ಕಾಲು ಸರ್ರ್. ಆಮೇಲೆ ಯಾರೋ ಬಾಗಿಲು ಬಡಿದರು.

ಹಿತ್ತಲಿನಿಂದ ಅಜ್ಜಿ ಬಂದಳು. “ಬಾಗ್ಲು ಬಡಿತಿರೋದು ಕೇಳ್ಸಲ್ವೇನೇ?”

“ತೆಗಿಬೇಡ ಅಜ್ಜಿ. ಉಸಿರು ಬಿಡಬೇಡ.”

“ಉಸಿರು ಬಿಡದೆ ನಾನೇನು ಸಾಯಲೇ?” ಎಂದು ಅಜ್ಜಿ ಅವಳನ್ನು ಪಕ್ಕಕ್ಕೆ ಸರಿಸಿ ಚಿಲಕ ತೆಗೆದಳು.

ಹೊಸಿಲಿನಲ್ಲಿ ಜಂಪಣ್ಣ ತಾತ ನಿಂತಿದ್ದ. ಮಂಡಿನೋವಿನ ಜಂಪಣ್ಣ, ಹಲ್ಲಿಲ್ಲದ ಜಂಪಣ್ಣ. ಬಾಯಿ, ಗಲ್ಲ, ಮುಂಗೈ ಎಲ್ಲ ಕೆಂಪು. ಮುಂದಕ್ಕೆ ಚಾಚಿದ ಎರಡೂ ಕೈಗಳಲ್ಲಿ ಒಂದೊಂದು ಕಡ್ಡಿ. ಒಂದರಲ್ಲಿ ಏನೂ ಇರಲಿಲ್ಲ. ಇನ್ನೊಂದರಲ್ಲಿ ಗೋಲಿಯಷ್ಟು ಐಸ್ ಕ್ಯಾಂಡಿ ಉಳಿದಿತ್ತು.

“ನಿನಗೂ ನಿಮ್ಮಜ್ಜಿಗೂ ಅಂತ ತಂದ್ನವ್ವ. ನೀನು ಹಂಗೆ ಓಡಿದ್ರೆ ನಾನೇನು ಹಿಡಿಯಾಕಾಗ್ತೈತಾ? ಎಲ್ಲ ದಾರೀಲೇ ಕರಗೋತು.”

ಅಜ್ಜಿ ನಗಲು ಶುರುಮಾಡಿದಳು. ಗೋಡೆ ಹಿಡಿದುಕೊಂಡು ನಕ್ಕಳು. ಜಂಪಣ್ಣನಿಗೆ ವಿಷಯ ಅರ್ಥವಾಗಲಿಲ್ಲ, ಆದರೂ ನಕ್ಕ. ಆಮೇಲೆ ಗೊತ್ತಾಯಿತು: ತಿಪ್ಪಯ್ಯ ಎರಡು ದಿನ ಗೋಣಿಚೀಲ ಹೊದಿಸಿ ಫ್ರೀಜರಿನ ಐಸ್ ಕ್ಯಾಂಡಿ ಡಬ್ಬಗಳನ್ನೆಲ್ಲ ಕಾಪಾಡಿದ್ದನಂತೆ. ಇವತ್ತು ಕೈಚೆಲ್ಲಿ, ಚರಂಡಿ ಸೇರೋ ಬದಲು ನಿಮ್ಮ ಹೊಟ್ಟೆ ಸೇರಲಿ ಎಂದು ಎಲ್ಲರನ್ನೂ ಕರೆದು ಹಂಚಿದನಂತೆ.

“ಕುಂತ್ಕ ಜಂಪಣ್ಣ, ಮುದ್ದೆ ಉಂಡು ಹೋಗು” ಅಂದಳು ಅಜ್ಜಿ. “ಮೇಘಾ, ಹಿಟ್ಟಿನ ಡಬ್ಬ ತಗಂಬಾ.”

ಮೇಘಶ್ರೀ ಅಲ್ಲೇ ನಿಂತಳು.

“ಎಲ್ಲೈತೆ?”

“ಮಂಚದ ಕೆಳಗೆ.”

“ಅಲ್ಲಿಗೆ ಹೆಂಗೆ ಹೋಯ್ತು?”

ಮೇಘಶ್ರೀ ಎಲ್ಲವನ್ನೂ ಹೇಳಿದಳು. ಕರೆಂಟು, ಲೂಟಿ, ಏಳನೇ ದಿನ. ಬೃಂದಾಗೆ ಹೇಳಿದ ಸುಳ್ಳನ್ನು ಕೊನೆಯಲ್ಲಿ, ನೆಲ ನೋಡುತ್ತಾ ಹೇಳಿದಳು. ಅಜ್ಜಿಯ ಮುಖದಲ್ಲಿದ್ದ ನಗು ಹೋಯಿತು.

“ಏಳನೇ ದಿನ ಬಾಗ್ಲು ಹಾಕ್ಕಂಡು ನಾವು ಮೂರು ಜನ ಮುದ್ದೆ ಉಣ್ಣಾಣ ಅಂತಿದ್ದೇನೇ? ಜಯಕ್ಕ ಬರೀ ಹೊಟ್ಟೇಲಿದ್ರೆ ನನಗೆ ಗಂಟಲಲ್ಲಿ ಇಳೀತಿತ್ತಾ?”

ಬೈದಿದ್ದರೆ ಚೆನ್ನಾಗಿತ್ತು. ಅಜ್ಜಿ ಬೈಯಲಿಲ್ಲ. ಪಾತ್ರೆ ತುಂಬ ಹಿಟ್ಟು ಹಾಕಿ ಅವಳ ಕೈಗೆ ಕೊಟ್ಟಳು.

ಎರಡು ಮನೆಗಳ ನಡುವೆ ಹತ್ತು ಹೆಜ್ಜೆ. ಆವತ್ತು ಅಷ್ಟು ದೂರ ನಡೆಯಲು ಮೇಘಶ್ರೀಗೆ ಬಹಳ ಹೊತ್ತು ಬೇಕಾಯಿತು. ಬೃಂದಾ ಇನ್ನು ಮಾತಾಡಿಸದಿದ್ದರೆ? ಬೆಂಚು ಬದಲಾಯಿಸಿದರೆ?

ಬೃಂದಾಳ ಮನೆಯೊಳಗಿನಿಂದ ಗರಗರ ಎಂಬ ಸದ್ದು ಬರುತ್ತಿತ್ತು. ಮೇಘಶ್ರೀ ಅಂಥ ಸದ್ದನ್ನು ಕೇಳಿಯೇ ಇರಲಿಲ್ಲ. ಪಾತ್ರೆಯನ್ನು ಬೆನ್ನ ಹಿಂದೆ ಹಿಡಿದುಕೊಂಡು ಇಣುಕಿದಳು.

ಪಡಸಾಲೆಯಲ್ಲಿ ಹಳೆಯ ಸೀರೆ ಹಾಸಿ, ಅದರ ಮೇಲೆ ಬೀಸುವ ಕಲ್ಲು ಇಟ್ಟಿದ್ದರು. ಇಷ್ಟು ವರ್ಷ ಕೋಳಿಗೂಡಿನ ಬಾಗಿಲಿಗೆ ಒತ್ತು ಕೊಟ್ಟಿದ್ದ ಕಲ್ಲು ಅದು. ಈಗ ತೊಳೆದು, ಹೊಸ ಗೂಟ ಬಡಿದಿದ್ದರು. ಒಂದು ಕಡೆ ಜಯಕ್ಕ, ಎದುರಿಗೆ ಬೃಂದಾ. ಒಂದೇ ಗೂಟದ ಮೇಲೆ ಇಬ್ಬರ ಕೈ. ಕಲ್ಲಿನ ಅಂಚಿನಿಂದ ಹಿಟ್ಟು ಸ್ವಲ್ಪ ಸ್ವಲ್ಪವೇ ಉದುರುತ್ತಿತ್ತು. ಜಯಕ್ಕ ಏದುಸಿರು ಬಿಡುತ್ತಿದ್ದಳು.

“ಬಾ ಮೇಘಾ” ಅಂದಳು ಜಯಕ್ಕ. “ನಿಮ್ಮನೇಲೂ ಖಾಲಿ ಆಗೈತಂತಲ್ಲ. ಇಬ್ಬರ ಮನೆಗೂ ಸೇರ್ಸಿ ಬೀಸಾಣ ಅಂತ ಕುಂತ್ವಿ. ಇನ್ನೊಂದು ಅರ್ಧ ಗಂಟೆ ತಡಿ, ನಿಮ್ಮದು ತಗಂಡೋಗುವಂತೆ.”

ಮೇಘಶ್ರೀಯ ಬೆನ್ನ ಹಿಂದಿನ ಪಾತ್ರೆ ಭಾರವಾಯಿತು. ಅದನ್ನು ಮುಂದೆ ತಂದು ಕಲ್ಲಿನ ಪಕ್ಕದಲ್ಲಿಟ್ಟಳು.

“ಖಾಲಿ ಆಗಿರ್ಲಿಲ್ಲ ಜಯಕ್ಕಜ್ಜಿ. ಇತ್ತು. ನಾನು ಸುಳ್ಳು ಹೇಳ್ದೆ.”

“ನನಗೆ ಗೊತ್ತು” ಅಂದಳು ಬೃಂದಾ, ತಲೆಯೆತ್ತದೆ. “ನಿನ್ ಮೂಗಿನ ಮೇಲೆ ಹಿಟ್ಟು ಇತ್ತು.”

“ಮತ್ತೆ ಯಾಕೆ ಸುಮ್ನೆ ಹೋದೆ?”

“ಡಬ್ಬದ ತಳದ್ದು ಕೆರೀತಿದ್ದೀಯೇನೋ ಅನ್ಕಂಡೆ. ಸ್ವಲ್ಪನೇ ಐತೇನೋ, ಕೇಳಿದ್ರೆ ಬೇಜಾರಾಗ್ತೀಯ ಅಂತ.”

ಮೇಘಶ್ರೀ ಅತ್ತೇಬಿಟ್ಟಳು.

ಜಯಕ್ಕ ಸೆರಗಿನಿಂದ ಅವಳ ಮುಖ ಒರೆಸಿದಳು. “ನಿಮ್ಮ ಹಿಟ್ಟು ಇವತ್ತಿಗಾಯ್ತು, ಈ ಹಿಟ್ಟು ನಾಳೆಗಾಯ್ತು. ಅದಕ್ಕೆಲ್ಲ ಅಳ್ತಾರಾ? ನನ್ ತೋಳು ಬಿದ್ದೋಗೈತೆ. ನಾನು ಮುದ್ದೆಗೆ ಎಸರಿಡ್ತೀನಿ, ನೀನು ಕುಂತ್ಕ.”

ಮೇಘಶ್ರೀ ಕುಳಿತು ಗೂಟ ಹಿಡಿದಳು. ಬೃಂದಾ ತಟ್ಟನೆ ಕೈ ತೆಗೆದಳು. “ನೀನೊಬ್ಳೇ ಬೀಸು ನೋಡಾಣ.”

ಮೇಘಶ್ರೀ ಹಲ್ಲು ಕಚ್ಚಿ ತಿರುಗಿಸಿದಳು. ಕಲ್ಲು ಅರ್ಧ ಸುತ್ತು ಬಂದು ನಿಂತಿತು. ಮತ್ತೆ ತಿರುಗಿಸಿದಳು. ಮತ್ತೆ ನಿಂತಿತು. ಮೂರನೇ ಸಲ ಕಲ್ಲು ಬರಲಿಲ್ಲ, ಅವಳೇ ಕಲ್ಲಿನ ಮೇಲೆ ಬಿದ್ದಳು. ಎದ್ದಾಗ ಮೂಗು, ಹಣೆ, ರೆಪ್ಪೆ ಎಲ್ಲ ಹಿಟ್ಟು.

ಬೃಂದಾ ನಗು ತಡೆಯಲು ಬಹಳ ಪ್ರಯತ್ನಿಸಿದಳು. ಆಗಲಿಲ್ಲ. “ಈಗಲೂ ಖಾಲಿ ಅಂತೀಯಾ?” ಎಂದು ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ತನ್ನ ಕೈಯನ್ನು ಅವಳ ಕೈ ಮೇಲಿಟ್ಟಳು. ಕಲ್ಲು ತಿರುಗಿತು.

ಸದ್ದು ಕೇಳಿ ಬೀದಿಯೇ ಬಂತು. ಹಿಟ್ಟು ಖಾಲಿಯಾದದ್ದು ಬೃಂದಾಳ ಮನೆಯೊಂದರಲ್ಲಿ ಮಾತ್ರ ಆಗಿರಲಿಲ್ಲ. ಒಬ್ಬೊಬ್ಬರು ಮೊರದಲ್ಲಿ ರಾಗಿ ತಂದರು. ಅಜ್ಜಿ ಏಕನಾಥಮ್ಮ ಜಂಪಣ್ಣನನ್ನೂ ಕರೆದುಕೊಂಡು ಬಂದು ಕಾಲು ಚಾಚಿ ಕುಳಿತು ಬೀಸುವ ಪದ ಶುರುಮಾಡಿದಳು. ಎರಡನೇ ಸಾಲು ಮರೆತುಹೋಗಿತ್ತು, ಜಯಕ್ಕ ಒಲೆಯ ಮುಂದಿನಿಂದ ನೆನಪಿಸಿದಳು. ಮೂರನೇ ಸಾಲು ಇಬ್ಬರಿಗೂ ಬರಲಿಲ್ಲ. ಇರುವ ಎರಡು ಸಾಲನ್ನೇ ಹಾಡಿದರು. ತಿಪ್ಪಯ್ಯ ಅಂಗಡಿ ಮುಚ್ಚಿ ಬಂದು ಬೀಸಲು ಕುಳಿತ. ಅವನ ಎದುರಿಗೆ ಕುಳಿತ ಅಂಜನ್ ಹತ್ತೇ ಸುತ್ತಿಗೆ ಅಂಗೈ ಊದಿಕೊಂಡು ಎದ್ದ.

ಬೆಳಕಿರುವಾಗಲೇ ಎಲ್ಲರೂ ಜಗಲಿಯ ಮೇಲೆ ಕುಳಿತು ಮುದ್ದೆ ಉಂಡರು. ಕಲ್ಲಿನ ಹಿಟ್ಟು ಸ್ವಲ್ಪ ತರಿತರಿ. ಜಯಕ್ಕ ಒಂದು ಮುದ್ದೆ ಪೂರ್ತಿ ಉಂಡದ್ದನ್ನು ಮೇಘಶ್ರೀ ನೋಡುತ್ತಲೇ ಇದ್ದಳು.

ನಾಲ್ಕನೇ ದಿನವೂ ಹಾಗೇ ಹೋಯಿತು. ಐದನೇ ದಿನ, ಭಾನುವಾರ, ಹೊಸ ಟೀಸಿ ಬಂತು. ಮಧ್ಯಾಹ್ನ ಫ್ಯಾನ್ ತಿರುಗಿದಾಗ “ಬಂತೂ” ಎಂದು ಊರೇ ಒಂದೇ ಸಲ ಕೂಗಿತು. ಅಂಜನ್ ಓಡಿ ಹೋಗಿ ಟಿವಿ ಹಾಕಿದ. ತಪ್ಪಿಹೋದ ಎಪಿಸೋಡು ಮತ್ತೆ ಬರುತ್ತಿತ್ತು.

ಟಿವಿಯಲ್ಲೂ ಐದನೇ ದಿನ. ಒಂದು ಮನೆಯ ಬಾಗಿಲನ್ನು ಯಾರೋ ಬಡಿಯುತ್ತಿದ್ದರು. ಒಳಗೆ ತಾಯಿ ಮಗಳ ಬಾಯಿ ಮುಚ್ಚಿ ಕುಳಿತಿದ್ದಳು.

“ನೋಡು ಎಷ್ಟು ರಿಯಲಿಸ್ಟಿಕ್” ಅಂದ ಅಂಜನ್.

“ಅಣ್ಣಾ, ಐದು ದಿನ ಆಯ್ತು. ಒಬ್ರೂ ರಾಗಿ ಬೀಸ್ಲಿಲ್ಲವಲ್ಲ.”

“ಅವರ ದೇಶದಲ್ಲಿ ರಾಗಿ ಎಲ್ಲೈತೆ?”

“ರಾಗಿ ಇಲ್ದಿದ್ರೆ ಬೇಡ. ಪಕ್ಕದ ಮನೆನೂ ಇಲ್ವಾ?”

ಅಂಜನ್ ಟಿವಿಯ ಸದ್ದು ಜಾಸ್ತಿ ಮಾಡಿದ.

ಅಷ್ಟರಲ್ಲಿ ಠಕ್ ಠಕ್ ಎಂದು ಬಾಗಿಲು ಬಡಿದ ಸದ್ದಾಯಿತು. ಟಿವಿಯಲ್ಲಲ್ಲ, ಮನೆಯ ಬಾಗಿಲೇ. ಅಂಜನ್ ಬೆಚ್ಚಿಬಿದ್ದು ಕುರ್ಚಿಯ ಮೇಲೆ ಕಾಲೆತ್ತಿಕೊಂಡ.

ಯಾರೆಂದು ಮೇಘಶ್ರೀಗೂ ಗೊತ್ತಿರಲಿಲ್ಲ. ಅವಳು ಕುಳಿತಲ್ಲಿಂದಲೇ ಕೂಗಿದಳು.

“ಚಿಲಕ ಹಾಕಿಲ್ಲ, ಒಳಗೆ ಬರ್ರಿ.”